ಕಹಿನೆಂಟರು

ಸಾವಂತ್ರಿಯ ತಿಥಿ ಮುಗಿದು ನಾಲ್ಕು ವರ್ಷವಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಅವಳು ಕುಡಿದ ಕಷಾಯ ನನ್ನ ಬಾಯಿಗೆ ಬಂತು.

ನಾನಾಗ ಅಂಗಡಿಯಲ್ಲಿ ಅಳಲೆಕಾಯಿ ಆರಿಸುತ್ತಿದ್ದೆ. ನಮ್ಮದು ಗ್ರಂಥಿಗೆ ಅಂಗಡಿ. ಬೇರು, ತೊಗಟೆ, ಒಣಗಿದ ಎಲೆ, ಕಾಯಿ, ಅಂಟು ಎಲ್ಲ ಸಿಗುವ ಅಂಗಡಿ ಊರಿಗೆಲ್ಲ ಅದೊಂದೇ. ಮೊದಲು ಅಪ್ಪ ನಡೆಸುತ್ತಿದ್ದರು, ಅವರು ಹೋದ ಮೇಲೆ ನಾನು. ನಾಲಿಗೆಯ ಬುಡದಲ್ಲಿ ತಣ್ಣನೆಯ ಚುಕ್ಕೆಯೊಂದನ್ನು ಇಟ್ಟಂತಾಯಿತು. ನೋಡನೋಡುತ್ತಿದ್ದಂತೆ ಅದು ಹರಡಿ ಬಾಯಿ ತುಂಬ ನೆಲಬೇವಿನ ಕಹಿಯಾಯಿತು. ಮುಕ್ಕಳಿಸಿದರೆ ಹೋಗುವ ಕಹಿಯಲ್ಲ ಅಂತ ಗೊತ್ತಿದ್ದೂ ಎದ್ದು ಹೋಗಿ ಮುಕ್ಕಳಿಸಿ ಬಂದೆ. ಸ್ವಲ್ಪ ಹೊತ್ತಿಗೆ ಬಲಪಕ್ಕೆಯ ಕೆಳಗೆ, ಈಲಿ, ಅದೇ ಯಕೃತ್ತು, ಇರುವ ಕಡೆ, ಯಾರೋ ಬೆಚ್ಚಗಿನ ಕಲ್ಲು ಇಟ್ಟ ಹಾಗೆ ಭಾರವಾಯಿತು. ಮೊರವನ್ನು ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಟ್ಟೆ.

ನಮ್ಮೂರಿನಲ್ಲಿ ಮದ್ದು ಕುಡಿಯುವವರು ಒಬ್ಬರು, ಅದನ್ನು ಅರಗಿಸುವವರು ಇನ್ನೊಬ್ಬರು. ಕುಡಿದವರ ಹೊಟ್ಟೆ ಅದನ್ನು ಹೀರಿಕೊಳ್ಳುತ್ತದೆ, ಅವರ ರಕ್ತ ಹೊತ್ತು ತಿರುಗುತ್ತದೆ, ಗುಣವೂ ಅವರಿಗೇ. ಕೆಲಸ ಮುಗಿದ ಮದ್ದನ್ನು ಮುರಿದು ಹೊರಗೆ ಹಾಕುವ ಪಾಡು ಮಾತ್ರ ಊರಿನ ಬೇರೊಂದು ಮೈಯದು. ಕೂಸಿಗೆ ಮೊದಲ ಸಲ ಬಜೆ ತೇಯ್ದು ನೆಕ್ಕಿಸಿದ ದಿನ ಯಾರದೋ ಬಾಯಿ ಕಹಿಯಾಗುತ್ತದೆ. ಅವರು ತೆಂಗಿನಕಾಯಿ ಹಿಡಿದು ಆ ಮನೆಗೆ ಹೋಗಿ "ನನ್ನ ಬಾಯಿಗೆ ಬಂತು" ಅನ್ನುತ್ತಾರೆ. ಅಂದಿನಿಂದ ಅವರು ಆ ಕೂಸಿನ ಕಹಿನೆಂಟರು. ಮಾಳಮ್ಮ ತನ್ನ ಮಗಳು ಸಾವಂತ್ರಿಗೆ ಬಜೆ ನೆಕ್ಕಿಸಿದ ದಿನ ತೆಂಗಿನಕಾಯಿ ಹಿಡಿದು ಹೋದವಳು ನಾನು. ಆಗ ನನಗೆ ಹದಿನೈದು. ಅವಳ ಕೆಮ್ಮು, ಅವಳ ಹೊಟ್ಟೆಹುಳು, ಅವಳ ಮುಟ್ಟಿನ ನೋವು, ಎಲ್ಲದರ ಮದ್ದನ್ನೂ ನನ್ನ ಈಲಿಯೇ ಅರಗಿಸಿದೆ.

ಈ ನೆಂಟಸ್ತಿಕೆ ಊರಿನ ನಾಲ್ಕು ಗಡಿಕಲ್ಲುಗಳ ಒಳಗೆ ಮಾತ್ರ. ಕಲ್ಲು ದಾಟಿ ಹೋದವರು ಏನು ಕುಡಿದರೂ ಇಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಇನ್ನೊಂದಿದೆ. ಗಡಿಯೊಳಗೆ ಯಾರಾದರೂ ಸತ್ತರೆ ಅವರ ಕಹಿನೆಂಟರ ಬಾಯಿಗೆ ಒಂದೇ ಒಂದು ಸಲ ಸಿಹಿನೀರಿನ ರುಚಿ ಬರುತ್ತದೆ. ಅದನ್ನು ಕೊನೆನೀರು ಅನ್ನುತ್ತೇವೆ. ಹೆಣ ಸಿಗದಿದ್ದರೂ ಕೊನೆನೀರು ಬಂತು ಅಂತ ನೆಂಟರು ಹೇಳಿದರೆ ತಿಥಿ ಮಾಡಬಹುದು. ಹೇಳದಿದ್ದರೆ ಹೆತ್ತವಳು ಒಲೆ ಹಚ್ಚುವ ಹಾಗಿಲ್ಲ.

ನಾಲ್ಕು ವರ್ಷದ ಹಿಂದೆ ಹೊಳೆದಂಡೆಗೆ ಒಂದೆಲಗ ಕೀಳಲು ಹೋದ ಸಾವಂತ್ರಿ ತಿರುಗಿ ಬರಲಿಲ್ಲ. ಬುಟ್ಟಿ ಮಾತ್ರ ಸಿಕ್ಕಿತು. ಮಾಳಮ್ಮ ಸೂರ್ಯ ಹುಟ್ಟಿದಾಗ ಹೊಳೆಗೆ ಇಳಿದರೆ ಸಂಜೆಯವರೆಗೂ ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕುತ್ತಿದ್ದಳು. ಸಂಜೆ ಒದ್ದೆ ಸೀರೆಯಲ್ಲೇ ನಮ್ಮ ಅಂಗಡಿಗೆ ಬಂದು "ಬಂತಾ ಹನುಮಿ?" ಅನ್ನುತ್ತಿದ್ದಳು. "ಇಲ್ಲ ಮಾಳತ್ತೆ" ಅನ್ನುತ್ತಿದ್ದೆ. ಒಂಬತ್ತನೆಯ ಸಂಜೆ ಅವಳ ಅಂಗಾಲಿನ ಚರ್ಮ ಬಿಳಿಚಿ ಬಿರಿದು ಹಲಗೆಯ ಮೇಲೆ ಹೆಜ್ಜೆಹೆಜ್ಜೆಗೂ ರಕ್ತ ಅಂಟಿತು. ತುಟಿ ಒಡೆದಿತ್ತು. "ಬಂತಾ?" ಅಂದಳು. "ಬಂತು" ಅಂದೆ.

ಬಂದಿರಲಿಲ್ಲ. ಆದರೆ ಮಾಳಮ್ಮ ಅಲ್ಲೇ ಕುಸಿದು ಕೂತು, ಹೊತ್ತು ಮುಳುಗುವವರೆಗೂ ಅತ್ತು, ಮನೆಗೆ ಹೋಗಿ ಒಲೆ ಹಚ್ಚಿ ಗಂಜಿ ಕುಡಿದಳು. ಬದುಕಿಕೊಂಡಳು. ತಿಥಿಯಾಯಿತು. ಸಾವಂತ್ರಿಯ ಗಂಡ ಬೊಮ್ಮಯ್ಯ, ಗಾಣದ ಮನೆಯವನು, ಆರು ತಿಂಗಳಿಗೆ ಹೊರಗಿನ ಊರಿಂದ ಬೈರಮ್ಮ ಅನ್ನುವವಳನ್ನು ಮದುವೆಯಾಗಿ ಬಂದ. ಆ ಒಂದು ಮಾತನ್ನು ಹೇಳಿ ಹೇಳಿ ಕೊನೆಗೆ ನಾನೇ ನಂಬಿಕೊಂಡಿದ್ದೆ. ಆ ಸಿಹಿ ಹೇಗಿತ್ತು ಅಂತ ಯಾರಾದರೂ ಕೇಳಿದರೆ ವರ್ಣಿಸುತ್ತಲೂ ಇದ್ದೆ.

ಈಗ ಬಾಯಲ್ಲಿ ನೆಲಬೇವು. ಮೊದಲ ದಿನ ನನಗೆ ಹೊಳೆದದ್ದು ಅವಳು ಬದುಕಿದ್ದಾಳೆ ಅಂತಲ್ಲ. ಸತ್ತವರಿಗೂ ಜ್ವರ ಬರುತ್ತದೆಯೇ, ಅವರಿಗೆ ಮದ್ದು ಕಾಯಿಸಿ ಕೊಡುವವರು ಯಾರು, ಅಂತ.

ಹಾಗನ್ನಿಸಲು ಕಾರಣವಿತ್ತು. ಅದಕ್ಕೆ ಒಂದು ವಾರ ಮುಂಚೆ, ನೆತ್ತಿಸುಡುವ ಮಧ್ಯಾಹ್ನ, ಮೂಡಲ ಗಡಿಕಲ್ಲಿನ ಕಡೆಯಿಂದ "ಬಾಗಿಲು ಹಾಕ್ಕಳಿ" ಅನ್ನುವ ಮಾತು ಬೀದಿಯಿಂದ ಬೀದಿಗೆ ಹರಿದುಬಂದಿತ್ತು. ತಿಥಿಯಾದವರು ಕಾಣಿಸಿಕೊಂಡರೆ ಕದ ಹಾಕಿಕೊಳ್ಳಬೇಕು, ಕರೆದರೆ ಓಗೊಡಬಾರದು. ಅದು ನಮ್ಮೂರ ಕಟ್ಟಳೆ. ಊರಿಗೆ ಊರೇ ಕದ ಹಾಕಿತು. ನಾನೂ ಅಂಗಡಿಯ ಹಲಗೆಗಳನ್ನು ಸರಿಸಿ ಒಳಗೆ ಕತ್ತಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಹಲಗೆಯ ಮೇಲೆ ಬೆರಳಿನ ಸದ್ದಾಯಿತು. "ನಾನು ಕಣಕ್ಕ" ಅಂತು ಹೊರಗಿನ ಧ್ವನಿ. ಇನ್ನೊಂದು ಸಲ "ಅಕ್ಕ" ಅಂತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಆಮೇಲೆ ಕಾಲೆಳೆಯುವ ಸದ್ದು ದೂರವಾಯಿತು.

ಬುಧವಾರವೂ ಕಹಿ ಬಂತು. ಗುರುವಾರವೂ. ಮೂವತ್ತು ವರ್ಷ ಒಬ್ಬಳ ಮದ್ದನ್ನು ಅರಗಿಸಿದವಳಿಗೆ ಅದನ್ನು ಓದುವುದು ಕಷ್ಟವಲ್ಲ. ಉಂಡ ಮೇಲೆ ಕುಡಿದ ಮದ್ದು ತಡವಾಗಿ, ಸ್ವಲ್ಪ ಸ್ವಲ್ಪವಾಗಿ, ಅನ್ನದ ಜೊತೆ ಕಲೆಸಿದಂತೆ ಬರುತ್ತದೆ. ತುಪ್ಪದೂಟವಾದರೆ ಇನ್ನೂ ತಡ. ಖಾಲಿ ಹೊಟ್ಟೆಗೆ ಬಿದ್ದದ್ದು ಒಂದೇ ಏಟಿಗೆ ಬಂದು ಬಡಿಯುತ್ತದೆ. ಸಾವಂತ್ರಿಯದು ದಿನಾ ಹಾಗೇ ಬಡಿಯುತ್ತಿತ್ತು. ಅವಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕೆಲವು ದಿನ ಕಹಿ ಏರುತ್ತಿರುವಾಗಲೇ ಕಡಿದುಹೋಗುತ್ತಿತ್ತು. ಕುಡಿದದ್ದನ್ನು ಕಕ್ಕಿದ್ದಾಳೆ ಅಂತ ತಿಳಿಯುತ್ತಿತ್ತು.

ಅಪ್ಪ ಹೇಳುತ್ತಿದ್ದರು: "ಮದ್ದು ಹೊಟ್ಟೆಗೆ ಹೋದ್ರೆ ಆಗ್ಲಿಲ್ಲ, ರಕ್ತಕ್ಕೆ ಸೇರ್ಬೇಕು. ಸೇರಿದ್ರೂ ಆಗ್ಲಿಲ್ಲ, ನಾಲ್ಕು ಗಳಿಗೆ ಅಲ್ಲಿ ನಿಲ್ಬೇಕು. ನಿಂತ್ರೂ ಆಗ್ಲಿಲ್ಲ, ಹೊತ್ತಿಗೆ ಸರಿಯಾಗಿ ಹೊರಡ್ಬೇಕು." ಸಾವಂತ್ರಿಯ ಮದ್ದು ನಿಲ್ಲುತ್ತಿರಲಿಲ್ಲ. ಅರ್ಧ ಕಕ್ಕಿ, ಉಳಿದರ್ಧವನ್ನು ನನ್ನ ಗಟ್ಟಿಮುಟ್ಟಾದ ಈಲಿ ಸರಸರನೆ ಮುರಿದು ಹಾಕಿದರೆ ಅವಳ ಜ್ವರಕ್ಕೆ ಸಿಗುವುದೇನು? ಕಾಳುಮೆಣಸು ತಿಂದರೆ ಈಲಿಯ ಕೆಲಸ ನಿಧಾನವಾಗುತ್ತದೆ, ಮದ್ದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬೇರೆ ಊರುಗಳಲ್ಲಿ ಅದನ್ನು ರೋಗಿಯ ಕಷಾಯಕ್ಕೆ ಹಾಕುತ್ತಾರಂತೆ. ನಮ್ಮಲ್ಲಿ ಕಹಿನೆಂಟರಿಗೆ ತಿನ್ನಿಸುತ್ತಾರೆ. ಶುಕ್ರವಾರದಿಂದ ನಾನು ಹೊತ್ತಿಗೆ ಹತ್ತು ಕಾಳಿನಂತೆ ಅಗಿಯತೊಡಗಿದೆ. ಯಾರಿಗೂ ಹೇಳಲಿಲ್ಲ. ಅವಳು ಎಲ್ಲಿದ್ದಾಳೆ ಅಂತ ಹುಡುಕಲೂ ಹೋಗಲಿಲ್ಲ. ಹುಡುಕಿದರೆ ನನ್ನ ಮಾತು ಸುಳ್ಳಾಗುತ್ತಿತ್ತು. ಮೆಣಸು ತಿನ್ನುವುದೊಂದೇ ನನ್ನ ಕೈಲಾದದ್ದು ಅಂದುಕೊಂಡೆ.

ಕಹಿ ಈಗ ಮಧ್ಯಾಹ್ನ ದಾಟಿ ಸಂಜೆಯವರೆಗೂ ನಿಲ್ಲುತ್ತಿತ್ತು. ಊಟ ಸೇರುತ್ತಿರಲಿಲ್ಲ. ಉಚ್ಚೆ ಕಡುಚಹಾದ ಬಣ್ಣವಾಯಿತು. ಎಂಟನೆಯ ದಿನ ಕನ್ನಡಿ ನೋಡಿಕೊಂಡರೆ ಕಣ್ಣಿನ ಬಿಳಿಯಲ್ಲಿ ಹಳದಿ ಇಳಿದಿತ್ತು. ಅವತ್ತೇ ಮಾಳಮ್ಮ ಜೀರಿಗೆಗೆ ಬಂದಳು. ಪೊಟ್ಟಣ ಕಟ್ಟಿ ಕೊಡುವಾಗ ತಲೆ ತಗ್ಗಿಸಿದ್ದೆ. ಅವಳು ಪೊಟ್ಟಣ ತೆಗೆದುಕೊಳ್ಳದೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ನಿನ್ನ ಕಣ್ಣು ಯಾಕೆ ಹಿಂಗಾಗೈತೆ?"

"ಪಿತ್ತ ಮಾಳತ್ತೆ."

"ಪಿತ್ತದ ಹಳದಿ ನಂಗೂ ಗೊತ್ತೈತೆ. ಇದು ನೆಂಟರ ಹಳದಿ." ಅವಳ ಕೈ ನನ್ನ ಗಲ್ಲದ ಮೇಲೆ ಹಾಗೇ ಇತ್ತು. "ನಿಂಗೆ ಇನ್ಯಾರೂ ನೆಂಟರಿಲ್ವಲ್ಲ ಹನುಮಿ. ಇದ್ದೋಳು ಒಬ್ಳೇ ಅಲ್ವಾ?"

ನಾನು ಪೊಟ್ಟಣವನ್ನು ಹಲಗೆಯ ಮೇಲಿಟ್ಟೆ.

"ಬಾಯಿ ತೆಗಿ" ಅಂದಳು.

ತೆಗೆದೆ. ಅವಳು ಮುಖವನ್ನು ಹತ್ತಿರ ತಂದು, ಕೂಸಿನ ಬಾಯಿ ಮೂಸುವ ತಾಯಿಯಂತೆ, ಕಣ್ಣು ಮುಚ್ಚಿ ನನ್ನ ಉಸಿರನ್ನು ಒಳಗೆಳೆದುಕೊಂಡಳು. ಬಿಟ್ಟು ಇನ್ನೊಂದು ಸಲ ಎಳೆದುಕೊಂಡಳು.

"ನೆಲಬೇವು" ಅಂದಳು. "ಎಷ್ಟು ದಿನದಿಂದ?"

"ಇವತ್ತಿಗೆ ಎಂಟು ದಿನ ಆಯ್ತು."

"ಅವತ್ತು ಬಂದಿತ್ತು ಅಂದ್ಯಲ್ಲ. ಕೊನೆನೀರು."

"ಬಂದಿರಲಿಲ್ಲ ಅತ್ತೆ. ನೀನು ಸತ್ತೋಗ್ತೀಯ ಅಂತ ಹೇಳ್ದೆ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಹಲಗೆಯ ಮೇಲೆ ಕೂತು ಬಹಳ ಹೊತ್ತು ತನ್ನ ಅಂಗಾಲನ್ನು ಉಜ್ಜಿಕೊಂಡಳು. ಆಮೇಲೆ, "ಉಣ್ತಾಳಾ?" ಅಂತ ಕೇಳಿದಳು.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಇಲ್ಲ. ಹೊಟ್ಟೆ ಖಾಲಿ ಐತೆ. ದಿನಾ ಖಾಲಿ ಐತೆ."

"ನೆಲಬೇವು ಯಾರಿಗೆ ಕೊಟ್ಟೆ? ಊರಿಗೆಲ್ಲ ನೀನೊಬ್ಳೇ ಅಲ್ವಾ ಮಾರೋಳು."

ಎಂಟು ದಿನ ನಾನು ಕೇಳಿಕೊಳ್ಳದೆ ತಪ್ಪಿಸಿಕೊಂಡ ಪ್ರಶ್ನೆ ಅದು. ಕಹಿ ಶುರುವಾದ ಹಿಂದಿನ ದಿನ, ಸೋಮವಾರ, ನೆಲಬೇವು ಒಯ್ದವಳು ಬೈರಮ್ಮ ಒಬ್ಬಳೇ. "ಯಜಮಾನ್ರಿಗೆ ಜ್ವರ" ಅಂದಿದ್ದಳು. ಬೊಮ್ಮಯ್ಯನ ಕಹಿನೆಂಟ ಕಮ್ಮಾರ ಓಬಯ್ಯ. ಅವನು ಆ ವಾರವೆಲ್ಲ ಬೆಲ್ಲ ಮೆಲ್ಲುತ್ತ ಕುಲುಮೆ ಊದುತ್ತಿದ್ದ. ಅವನ ಬಾಯಿಗೆ ಏನೂ ಬಂದಿರಲಿಲ್ಲ. ನನಗೆ ಗೊತ್ತಿತ್ತು.

ಹೆಸರು ಹೇಳಿದೆ. ಮಾಳಮ್ಮ ಎದ್ದು ನಡೆದಳು. ಅಂಗಡಿ ತೆರೆದದ್ದು ತೆರೆದಂತೆಯೇ ಬಿಟ್ಟು ನಾನೂ ಹಿಂದೆ ಹೋದೆ.

ಬೊಮ್ಮಯ್ಯ ಮುಂದಿನ ಜಗುಲಿಯಲ್ಲಿ ಬೀದಿಗೆ ಮುಖಮಾಡಿ ಕೂತಿದ್ದ. ನಮ್ಮನ್ನು ಕಂಡು ಏನೂ ಕೇಳಲಿಲ್ಲ, ಕತ್ತನ್ನೂ ಹಿಂದಕ್ಕೆ ತಿರುಗಿಸಲಿಲ್ಲ. "ನಾನು ಹಿತ್ತಲ ಕಡೀಗೆ ಹೋಗಲ್ಲ. ಅಲ್ಲೇನೈತೋ ನಂಗೊತ್ತಿಲ್ಲ" ಅಂದ. ಅಷ್ಟನ್ನೇ ಎರಡು ಸಲ ಅಂದ.

ಹಿತ್ತಲಿನ ಕೊನೆಯಲ್ಲಿ ಹಳೆಯ ಗಾಣದ ಕೋಣೆ. ಒರಳು ಒಡೆದ ಮೇಲೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಬೈರಮ್ಮ ಕದಕ್ಕೆ ಅಡ್ಡ ನಿಂತಳು. ಕೈಯಲ್ಲಿ ಗಂಜಿಯ ಲೋಟವಿತ್ತು.

"ನಾನು ನಿಮ್ಮೂರೋಳಲ್ಲ" ಅಂದಳು. "ನಮ್ಮ ಕಡೆ ಬಾಗ್ಲಿಗೆ ಬಂದು ನೀರು ಕೇಳಿದೋರಿಗೆ ನೀರು ಕೊಡ್ತೀವಿ. ಮೈ ಮುಟ್ಟಿದ್ರೆ ಕೆಂಡ ಇದ್ದಂಗಿತ್ತು. ಸತ್ತೋರ ಮೈ ಅಷ್ಟು ಸುಡ್ತದಾ ಅಮ್ಮ?"

ಮಾಳಮ್ಮ ಅವಳನ್ನು ಸರಿಸಲಿಲ್ಲ. ಬೈರಮ್ಮನೇ ಸರಿದಳು.

ಗೋಣಿತಾಟಿನ ಮೇಲೆ ಸಾವಂತ್ರಿ ಮಲಗಿದ್ದಳು. ಕೂದಲು ಉದುರಿ ನೆತ್ತಿ ಕಾಣುತ್ತಿತ್ತು. ಅಂಗೈಗಳು ಉಪ್ಪಿಗೆ ಸುಟ್ಟು ಮರದ ತೊಗಟೆಯಾಗಿದ್ದವು. ಒಳಗೆ ಹೋದವರನ್ನು ಅವಳು ಒಬ್ಬೊಬ್ಬರನ್ನಾಗಿ ನೋಡಿದಳು. ಅವ್ವನನ್ನು ಕಂಡು ಹೆದರಿ ಗೋಡೆಯ ಕಡೆ ಸರಿದಳು. ಹದಿನೈದು ದಿನ ಯಾರೂ ಅವಳ ಮುಖ ನೋಡಿ ಮಾತಾಡಿರಲಿಲ್ಲ. ಬೈರಮ್ಮ ಕೂಡ ಭಯಕ್ಕೆ ನೆಲ ನೋಡಿಕೊಂಡೇ ಮದ್ದು ಕುಡಿಸುತ್ತಿದ್ದಳಂತೆ.

"ಅವ್ವಾ, ನಾನು ಸತ್ತೋದ್ನಾ?" ಅಂತ ಕೇಳಿದಳು. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು. "ಎಲ್ರೂ ಬಾಗ್ಲು ಹಾಕ್ಕಂಡ್ರು. ನಂಗೇ ಅನುಮಾನ ಬಂದ್ಬಿಡ್ತು."

ಹೊಳೆಯಲ್ಲಿ ಅವಳು ಬಿದ್ದಿರಲಿಲ್ಲ. ಬುಟ್ಟಿಯನ್ನು ದಂಡೆಯಲ್ಲಿಟ್ಟು, ಆಚೆ ಹೋಗುತ್ತಿದ್ದ ಉಪ್ಪಿನ ಗಾಡಿ ಹತ್ತಿದ್ದಳು. ಯಾಕೆ ಅಂತ ಕೇಳಿದರೆ, "ಆ ಮನೇಲಿ ಉಸಿರು ಕಟ್ತಿತ್ತು" ಅಂದಳಷ್ಟೆ. ನಾಲ್ಕು ವರ್ಷ ಉಪ್ಪಿನ ಗದ್ದೆಯಲ್ಲಿ ದುಡಿದು, ಜ್ವರ ಹಿಡಿದ ಮೇಲೆ ಅವ್ವನ ನೆನಪಾಗಿ ನಡೆದುಬಂದಿದ್ದಳು. ಅವ್ವನ ಮನೆಯ ಕದವನ್ನೂ ತಟ್ಟಿದ್ದಳು. ಮಾಳಮ್ಮ ಅವತ್ತು ಒಳಗೇ ಇದ್ದಳು.

ಮಾಳಮ್ಮ ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ನಟ್ಟನಡು ಬೀದಿಯಲ್ಲಿ ಮನೆಗೆ ನಡೆದಳು. ಅವಳ ಮುಂದೆ ಮುಂದೆ ಕದಗಳು ಮುಚ್ಚಿಕೊಳ್ಳುತ್ತ ಹೋದವು. ಮರುದಿನದಿಂದ ಬಾವಿಕಟ್ಟೆಯಲ್ಲಿ ಮಾಳಮ್ಮನ ಕೊಡ ಕಂಡರೆ ಹೆಂಗಸರು ದೂರ ಸರಿದರು. ನಾನು ಊರ ಯಜಮಾನ ರುದ್ರಮುನಿಯವರ ಬಳಿ ಹೋಗಿ, ಕೊನೆನೀರು ಬಂದಿರಲಿಲ್ಲ, ಸುಳ್ಳು ಹೇಳಿದ್ದೆ ಅಂದೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನನ್ನ ಹಳದಿ ಕಣ್ಣನ್ನು ನೋಡಿ, "ಅವತ್ತು ಸುಳ್ಳು ಹೇಳಿದೋಳು ಇವತ್ತು ನಿಜ ಹೇಳ್ತಿದೀಯ ಅಂತ ಹೆಂಗೆ ನಂಬೋದು?" ಅಂದರು. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಹಳೆಯ ಮದ್ದೆಲ್ಲ ಮೈಯಿಂದ ಹೋಗಲು ಎಂಟು ದಿನ ಬಿಟ್ಟು, ತಮ್ಮ ಕೈಯಾರೆ ಏನಾದರೊಂದು ಸೊಪ್ಪಿನ ರಸ ತೆಗೆದು ಸಾವಂತ್ರಿಗೆ ಕುಡಿಸುವುದು. ಏನು ಅಂತ ಅವರೊಬ್ಬರಿಗೇ ಗೊತ್ತಿರಬೇಕು. ನಾನು ಊರೆಲ್ಲದರ ಮುಂದೆ ಕೂತು ಅದರ ಹೆಸರು ಹೇಳಬೇಕು. ಸತ್ತವರ ಮೈ ಮದ್ದನ್ನು ಹೀರುವುದಿಲ್ಲ. ಬಾಯಿಗೆ ಬಂದರೆ ಅವಳು ಬದುಕಿದವಳು. ಬರದಿದ್ದರೆ ಗಡಿಯ ಆಚೆ ಬಿಟ್ಟು ಬರಬೇಕು.

ಆ ದಿನ ಬೆಳಿಗ್ಗೆ ಊರೆಲ್ಲ ಅರಳಿಕಟ್ಟೆಯ ಸುತ್ತ ಸೇರಿತು. ರುದ್ರಮುನಿಯವರು ಮುಚ್ಚಿದ ತಾಮ್ರದ ಗಿಂಡಿಯನ್ನು ತಾವೇ ಮಾಳಮ್ಮನ ಮನೆಗೆ ಒಯ್ದು, ಕುಡಿಸಿ, ಬಂದು ನನ್ನೆದುರು ಕೂತರು. ನಾನು ಬಾಯಿ ತೊಳೆದು, ಎಲ್ಲರಿಗೂ ನಾಲಿಗೆ ತೋರಿಸಿ ಕೂತೆ. ಮೆಣಸು ಬಿಟ್ಟು ಎಂಟು ದಿನವಾಗಿತ್ತು.

ಒಂದು ಗಳಿಗೆ ಕಳೆಯಿತು. ಎರಡಾಯಿತು. ಬಾಯಲ್ಲಿ ನನ್ನದೇ ಎಂಜಲಿನ ರುಚಿ. ಇನ್ನೂರು ಜನ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮೂರು ಗಳಿಗೆಯಾದಾಗ ಅರಳಿಯ ನೆರಳು ನನ್ನ ಮಂಡಿಯಿಂದ ಜಾರಿ ಬಿಸಿಲು ಬಿತ್ತು. ಹಿಂದಿನ ಸಾಲಿನವರು ಎದ್ದು ಹೋಗತೊಡಗಿದರು. ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿ ಎತ್ತಿಕೊಂಡು ನಡೆದಳು. ನನಗೇ ಒಳಗೆ ಕೊರೆಯಹತ್ತಿತು. ಗಾಣದ ಕೋಣೆಯಲ್ಲಿ ನಾನು ಕಂಡದ್ದೇನು? ನನ್ನ ಬಾಯಿಗೆ ಬರುತ್ತಿದ್ದದ್ದು ಯಾರದು?

"ಆಯ್ತಲ್ಲ ಹನುಮಕ್ಕ" ಅಂದರು ರುದ್ರಮುನಿಯವರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ಸಮಾಧಾನವಿದ್ದಂತೆ ಕಂಡಿತು. ಅದು ನನಗೆ ಆಗ ಅರ್ಥವಾಗಲಿಲ್ಲ.

ಮಾಳಮ್ಮ ಕಟ್ಟೆಯ ಕಲ್ಲಿಗೆ ಒರಗಿ ನಿಂತಿದ್ದಳು. ಅವಳ ಸೆರಗಿನಲ್ಲಿ ಹಿಟ್ಟಿನ ಕಲೆ ಕಂಡಿತು.

"ಮಾಳತ್ತೆ, ಬೆಳಿಗ್ಗೆ ಅವಳಿಗೇನಾದ್ರೂ ಉಣ್ಣಿಸಿದ್ಯಾ?"

"ಉಣ್ಣಿಸದೆ ಇರ್ಲಾ?" ಅಂದಳು. "ಬಿಸಿ ಮುದ್ದೆ, ಹುರುಳಿಸಾರು. ಮೇಲೆ ಎರಡು ಮಿಳ್ಳೆ ತುಪ್ಪ. ಒಂದು ಮುದ್ದೆ ಪೂರ್ತಿ ಉಂಡ್ಳು ಕಣೆ. ಇಷ್ಟು ದಿನ ಬರೀ ಗಂಜಿ ಕುಡೀತಿದ್ಲು. ನಾಲ್ಕು ವರ್ಷ ಆಗಿತ್ತು ನನ್ನ ಕೈಯ ಮುದ್ದೆ ಉಂಡು."

ನನಗೆ ಅಳು ಬಂತು. "ಕೂತ್ಕಳಿ" ಅಂತ ಎಲ್ಲರಿಗೂ ಹೇಳಿದೆ. "ಹೊಟ್ಟೆ ತುಂಬಿದೋರ ಮದ್ದು ತಡ ಆಗ್ತದೆ. ನಿಮಗೂ ಗೊತ್ತಿರೋದೇ. ಬತ್ತದೆ. ಕೂತ್ಕಳಿ."

ಕೆಲವರು ಕೂತರು. ಐದನೆಯ ಗಳಿಗೆಯಲ್ಲಿ ನಾಲಿಗೆಯ ಬುಡಕ್ಕೆ ಏನೋ ತಾಗಿತು. ಎಷ್ಟು ತೆಳುವಾಗಿತ್ತೆಂದರೆ ಬಯಕೆಯೋ ನಿಜವೋ ತಿಳಿಯಲಿಲ್ಲ. ಹೋಯಿತು. ಮತ್ತೆ ಬಂತು. ತುಪ್ಪದ ಹಿಂದೆ ಅಡಗಿ ಅಡಗಿ ಬರುವಂತೆ ಸ್ವಲ್ಪ ಸ್ವಲ್ಪವಾಗಿ ಬಂದು, ಕೊನೆಗೆ ಬಾಯೆಲ್ಲ ತುಂಬಿಕೊಂಡಿತು.

"ಆಡುಸೋಗೆ" ಅಂದೆ. "ಎಳೇದಲ್ಲ. ಬಲಿತ ಎಲೆ."

ರುದ್ರಮುನಿಯವರ ಮುಖದ ರಕ್ತ ಇಳಿದುಹೋಯಿತು. ಅವರು ಹೌದು ಅನ್ನುವ ಮೊದಲೇ ಮಾಳಮ್ಮ ಬಂದು ನನ್ನ ಬಾಯಿ ಮೂಸಿದಳು. ಅವಳ ಹಿಂದೆ ಕಮ್ಮಾರ ಓಬಯ್ಯ. ಅವನ ಹಿಂದೆ ಒಬ್ಬೊಬ್ಬರಾಗಿ ಊರವರೆಲ್ಲ ಸಾಲಾಗಿ ಬಂದು, ನನ್ನ ತೆರೆದ ಬಾಯಿಯ ಮೇಲೆ ಬಗ್ಗಿ, ಉಸಿರೆಳೆದುಕೊಂಡು, ಮಾಳಮ್ಮನ ಮನೆಯ ಕಡೆ ನಡೆದರು. ಬೊಮ್ಮಯ್ಯ ಮಾತ್ರ ಮೂಸಿದವನು ತನ್ನ ಮನೆಯ ಕಡೆ ತಿರುಗಿದ. ಅವನಿಗೂ ಅವಳಿಗೂ ಆಮೇಲೆ ಯಾವ ಮಾತೂ ನಡೆಯಲಿಲ್ಲ. ಸಾವಂತ್ರಿ ಅವ್ವನ ಮನೆಯಲ್ಲೇ ಉಳಿದಳು. ಬೈರಮ್ಮ ದಿನಾ ಹೋಗಿ ತಲೆ ಬಾಚುತ್ತಾಳೆ.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಯಾರೂ ಅಂಗಡಿಗೆ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ರುದ್ರಮುನಿಯವರು ಬಂದರು. ಏನು ಬೇಕು ಅಂದೆ. ಏನೂ ಬೇಡ ಅಂತ ಬೆಂಚಿನ ಮೇಲೆ ಕೂತರು. ಬೀದಿಯಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ಮಾತು ತೆಗೆದರು.

"ನನ್ನ ತಮ್ಮನಿಗೆ ನಾನೇ ಕಹಿನೆಂಟ. ಸಂಗಣ್ಣ. ನಿಂಗೆ ನೆನಪಿರಲಿಕ್ಕಿಲ್ಲ, ಕಾಡಿಗೆ ಜೇನಿಗೆ ಹೋದೋನು. ನಲವತ್ತೆರಡು ವರ್ಷ ಆಯ್ತು."

"ಕೇಳಿದೀನಿ."

"ನಂಗೂ ಬಂದಿರಲಿಲ್ಲ ಹನುಮಕ್ಕ. ಬಂತು ಅಂತ ಹೇಳ್ದೆ. ಅಮ್ಮ ಒಲೆ ಹಚ್ಚದೆ ಕೂತಿದ್ಲು." ಅವರು ಕೈಯಿಂದ ಬಾಯಿ ಒರೆಸಿಕೊಂಡರು. "ತಿಥಿ ಆಗಿ ಮೂರು ತಿಂಗಳಿಗೆ ಪಡುವಣ ಕಲ್ಲಿನತ್ರ ಬಂದು ನಿಂತಿದ್ದ. ಕುಂಟ್ತಿದ್ದ. ಊರಲ್ಲಿ ಮೊದಲು ಬಾಗ್ಲು ಹಾಕಿದೋನು ನಾನು. ನೋಡಿ ಬೇರೆಯೋರೂ ಹಾಕಿದ್ರು. ಮೂರು ದಿನ ನಿಂತಿದ್ದ."

ನಾನು ಒಂದು ಲೋಟ ನೀರು ಕೊಟ್ಟೆ. ಅವರು ಕುಡಿಯಲಿಲ್ಲ.

"ಅವತ್ತಿಂದ ನನ್ನ ಬಾಯಿಗೆ ಏನೂ ಬಂದಿಲ್ಲ" ಅಂದರು. "ಕಹೀನೂ ಇಲ್ಲ, ಸಿಹೀನೂ ಇಲ್ಲ. ಹಂಗಂದ್ರೆ ಕಲ್ಲಿನ ಆಚೆ ಎಲ್ಲೋ ಚೆನ್ನಾಗಿದಾನೆ ಅಂತಲಾ? ನೀನು ಗ್ರಂಥಿಗೆಯೋಳು, ನಿಂಗೆ ಗೊತ್ತಿರ್ಬೇಕು."

"ನನಗೆ ಗೊತ್ತಿಲ್ಲ ಯಜಮಾನ್ರೆ" ಅಂದೆ.

ಅವರು ತಲೆಯಾಡಿಸಿದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಬೆಂಚಿನ ಮೇಲೆ ಕಾಲು ಮಡಚಿ, ಬಾಯಿ ಮುಚ್ಚಿ, ಮುಚ್ಚಿದ ಬಾಯಿಯೊಳಗೆ ನಾಲಿಗೆಯನ್ನು ಮೆಲ್ಲಗೆ ಆಡಿಸುತ್ತ ಕಾಯತೊಡಗಿದರು.